ಮಡಿಕೆ ತಾಳುವ ರಬ್ಬರು

ಹಳದಿ ಪುಡಿ ಒಮ್ಮೆ ಉಗುರಿನ ಸಂದಿಗೆ ಹೋಯಿತೆಂದರೆ ಮುಗಿಯಿತು, ಯಾವ ಸೋಪಿಗೂ ಬಗ್ಗುವುದಿಲ್ಲ. ಗ್ಲೌಸು ಹಾಕಿಕೊಂಡರೂ ಅಷ್ಟೇ. ಆ ಕೆಲಸ ನಡೆದಷ್ಟು ಕಾಲ ನಾನು ಮನೆಯಲ್ಲಿ ಚಮಚದಲ್ಲಿ ಊಟ ಮಾಡಿದೆ. ಮುದ್ದೆಯನ್ನು ಚಮಚದಲ್ಲಿ ತಿನ್ನುವ ಕಷ್ಟ ತಿಂದವರಿಗೇ ಗೊತ್ತು.

ಚಳ್ಳಕೆರೆಯಲ್ಲಿ ನಾನು ಕೆಲಸ ಮಾಡುವುದು ಒಂದು ಸಣ್ಣ ರಬ್ಬರ್ ಕಾರ್ಖಾನೆಯಲ್ಲಿ. ಎಣ್ಣೆ ಮಿಲ್ಲುಗಳಿಗೆ ಬೇಕಾದ ವಾಷರು, ಪಂಪಿನ ಬುಷ್ಷು, ನೆಲಕ್ಕೆ ಹಾಸುವ ಮ್ಯಾಟು, ಇಂಥವೇ ನಮ್ಮ ಮಾಲು. ರಬ್ಬರಿಗೆ ಯಾವ ಪುಡಿ ಎಷ್ಟು ಬೆರೆಸಬೇಕು, ಎಷ್ಟು ಬಿಸಿಯಲ್ಲಿ ಎಷ್ಟು ಹೊತ್ತು ಬೇಯಿಸಬೇಕು ಎಂದು ನಿರ್ಧರಿಸುವುದು ನನ್ನ ಪಾಲಿನ ಕೆಲಸ. ಒಂದು ದಿನ ಮಾಲೀಕರು ಕಾರಿನ ಡಿಕ್ಕಿಯಿಂದ ಒಂದು ಹಳೆ ನೀಲಿ ಏಪ್ರನ್ ಎಳೆದು ತಂದು ನನ್ನ ಮೇಜಿನ ಮೇಲೆ ಹಾಕಿದರು. ಮೇಜು ಅಲ್ಲಾಡಿತು. ಮೊಳಕಾಲ್ಮುರಿನಲ್ಲಿ ಅವರ ಜೊತೆ ಓದಿದ ಮೂಳೆ ಡಾಕ್ಟರೊಬ್ಬರ ನರ್ಸಿಂಗ್ ಹೋಮ್ ಇದೆ. ಮುರಿದ ಮೂಳೆಗೆ ರಾಡು ಕೂರಿಸುವಾಗ ಅದು ಸರಿಯಾಗಿ ಹೋಗುತ್ತಿದೆಯೇ ಎಂದು ನೋಡಲು ಅಲ್ಲಿ ಎಕ್ಸ್‌ರೇ ಮಿಷನ್ನು ಮತ್ತೆ ಮತ್ತೆ ಹಾಕಬೇಕಾಗುತ್ತದೆ. ಆಗ ಒಳಗಿದ್ದವರೆಲ್ಲ ಸೀಸದ ಪುಡಿ ತುಂಬಿದ ಇಂಥ ರಬ್ಬರಿನ ಏಪ್ರನ್ ಹಾಕಿಕೊಂಡಿರಬೇಕು. ಆರೇಳು ಕಿಲೋ ಭಾರ. ಮಿಷನ್ನು ನಡೆಸುವ ಟೆಕ್ನಿಷಿಯನ್ ಅದನ್ನು ಹಾಕಿಕೊಳ್ಳುವುದನ್ನೇ ಬಿಟ್ಟಿದ್ದಾಳೆ, ಹೇಳಿದರೆ ಕೇಳುವುದಿಲ್ಲ, ಹಗುರವಾದದ್ದನ್ನು ಮಾಡಿಕೊಡಲು ಆಗುತ್ತದಾ ಎಂದು ಡಾಕ್ಟರು ಕೇಳಿದ್ದರಂತೆ. ನಮ್ಮ ಮಾಲೀಕರು ಯಾರು ಏನು ಕೇಳಿದರೂ ಆಗುತ್ತೆ ಅನ್ನುವವರು. ಆಗಿಸಬೇಕಾದವಳು ನಾನು.

ಮೊದಲು ಆ ಟೆಕ್ನಿಷಿಯನ್‌ಳನ್ನು ನೋಡಬೇಕು ಅನ್ನಿಸಿತು. ತಳಕು, ಹಾನಗಲ್ ದಾಟಿ ಮೊಳಕಾಲ್ಮುರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋದೆ. ಆಮೇಲೆ ಅದೇ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದೆನೆಂದರೆ, ಕಂಡಕ್ಟರು ಕೇಳುವುದನ್ನು ಬಿಟ್ಟು ಸುಮ್ಮನೆ ಟಿಕೆಟ್ ಹರಿದು ಕೊಡುತ್ತಿದ್ದ.

ಆಕೆ ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ಊರಿನವಳೇ. ನಾನು ಬುದ್ಧಿ ಹೇಳಲು ಬಂದಿದ್ದೇನೆ ಅಂದುಕೊಂಡಳೋ ಏನೋ, ಮೊದಲು ಮುಖ ಕೊಟ್ಟು ಮಾತಾಡಲಿಲ್ಲ. ಸೊಂಟದ ಡಿಸ್ಕ್ ಜಾರಿದೆ, ಡಾಕ್ಟರಿಗೂ ಗೊತ್ತು, ಒಂದು ಆಪರೇಷನ್ ಮುಗಿಯುವ ಹೊತ್ತಿಗೆ ಕಾಲು ಜೋಮು ಹಿಡಿದು ನಿಲ್ಲಲಾಗುವುದಿಲ್ಲ ಎಂದು ಬಿಡಿಬಿಡಿಯಾಗಿ ಹೇಳಿದಳು. ವಿಕಿರಣ ಏನು ಮಾಡುತ್ತದೆ ಎಂದು ಗೊತ್ತಲ್ಲವಾ ಎಂದು ನಾನು ಕೇಳಿದ್ದಕ್ಕೆ ಮೊದಲ ಸಲ ನನ್ನನ್ನು ನೇರವಾಗಿ ನೋಡಿದಳು.

"ಹಾಕ್ಕಂಡ್ರೆ ಸೊಂಟ ಹೋಗ್ತೈತೆ ಮೇಡಂ, ಹಾಕ್ಕಳ್ದಿದ್ರೆ ಏನ್ ಹೋಗ್ತೈತೋ ಗೊತ್ತಾಗಲ್ಲ. ನಾನು ಗೊತ್ತಾಗೋ ನೋವಿಗೆ ಹೆದರ್ತೀನಿ, ಅಷ್ಟೇ."

ವಾಪಸ್ ಬಸ್ಸಿನಲ್ಲಿ ಲೆಕ್ಕ ಹಾಕುತ್ತ ಬಂದೆ.

ಸೀಸವನ್ನು ನಾನು ಮೊದಲೇ ಬೇಡ ಅಂದಿದ್ದೆ. ಅದರ ದೂಳು ರಬ್ಬರಿಗೆ ಪುಡಿ ಬೆರೆಸುವ ನಮ್ಮ ಮಿಲ್ಲಿನಲ್ಲಿ ನಿಲ್ಲುವವರ ಎದೆಗೆ ಹೋಗುವುದು ಬೇಕಿರಲಿಲ್ಲ. ಸೀಸದ ಬದಲು ಬಿಸ್ಮತ್ ಆಕ್ಸೈಡ್ ಹಾಕಬಹುದು. ನೋಡಲು ಕಡಲೆಹಿಟ್ಟಿನ ಹಾಗಿರುತ್ತದೆ, ಎತ್ತಿದರೆ ಮಾತ್ರ ಕಬ್ಬಿಣ. ಜೊತೆಗೆ ಸ್ವಲ್ಪ ಟಂಗ್‌ಸ್ಟನ್ ಪುಡಿ. ಒಂದು ಪುಡಿ ಕೆಲವು ಶಕ್ತಿಯ ಕಿರಣಗಳನ್ನು ಚೆನ್ನಾಗಿ ತಡೆದರೆ, ಇನ್ನೊಂದು ಉಳಿದವನ್ನು ತಡೆಯುತ್ತದೆ. ಎರಡನ್ನೂ ಸರಿಯಾಗಿ ಬೆರೆಸಿದರೆ ಸೀಸದಷ್ಟೇ ಕಾಯುವ ಹಾಳೆಯನ್ನು ಒಂದೆರಡು ಕಿಲೋ ಕಡಿಮೆ ಭಾರದಲ್ಲಿ ಮಾಡಬಹುದು. ಕಾಗದದ ಮೇಲೆ ಇಷ್ಟು ಸುಲಭ.

ಕಿರಣ ತಡೆಯಬೇಕಾದರೆ ರಬ್ಬರಿನ ತೂಕದ ನಾಲ್ಕು ಪಟ್ಟು ಪುಡಿ ಅದರೊಳಗೆ ಹೋಗಬೇಕು. ಎದುರುಬದುರಾಗಿ ತಿರುಗುವ ಎರಡು ಉಕ್ಕಿನ ರೋಲುಗಳ ನಡುವೆ ರಬ್ಬರು ಮೆತ್ತಗಾಗಿ ಸುತ್ತಿಕೊಳ್ಳುತ್ತದೆ. ಅದರ ಮೇಲೆ ಪುಡಿ ಚೆಲ್ಲುತ್ತ, ಚಾಕುವಿನಿಂದ ಕೊಯ್ದು ಮಗುಚುತ್ತ, ಕೆಳಗಿನ ಟ್ರೇಗೆ ಉದುರಿದ್ದನ್ನು ಗೋರಿ ಮತ್ತೆ ಮೇಲೆ ಹಾಕುತ್ತ ಹೋಗಬೇಕು. ಅರ್ಧ ಪುಡಿ ಸೇರುವ ಹೊತ್ತಿಗೆ ರಬ್ಬರಿಗೆ ಹೊಟ್ಟೆ ತುಂಬಿಬಿಡುತ್ತದೆ. ಆಮೇಲೆ ಅದು ಹರಿಯುತ್ತದೆ, ಉದುರುತ್ತದೆ, ರೋಲು ಬಿಟ್ಟು ಜಾರುತ್ತದೆ. ಮಿಲ್ ನಡೆಸುವವನು ಎರಡನೇ ದಿನವೇ ಚಾಕು ಕೆಳಗಿಟ್ಟು, ಇದು ರಬ್ಬರಿನ ಕೆಲಸ ಅಲ್ಲ ಮೇಡಂ, ಮಣ್ಣಿನ ಕೆಲಸ ಅಂದ. ನನಗೂ ಹಾಗೇ ಅನ್ನಿಸುತ್ತಿತ್ತು.

ಮೊದಲ ಹಾಳೆಗಳನ್ನು ವಾಷರಿಗೆ ಹಾಕುವ ಹಾಗೆ ಗಂಧಕ ಹಾಕಿಯೇ ಬೇಯಿಸಿದೆವು. ಪ್ರೆಸ್ ತೆಗೆದರೆ ಹಳದಿ ಹಾಳೆ ಕರ್ರಗಾಗಿ, ಅಂಟಂಟಾಗಿ ಕೂತಿತ್ತು. ರಬ್ಬರನ್ನು ಗಟ್ಟಿ ಮಾಡಬೇಕಾದ ಗಂಧಕವನ್ನು ಬಿಸ್ಮತ್ ತಿಂದು ಕಪ್ಪಾಗಿತ್ತು. ಗಂಧಕ ಬಿಟ್ಟು, ಅದರ ಕೆಲಸವನ್ನೇ ಮಾಡುವ ಪೆರಾಕ್ಸೈಡಿಗೆ ಬಂದೆವು. ಅದಕ್ಕೆ ಗಾಳಿ ತಾಗಿದರೆ ಮೇಲ್ಮೈ ಬೇಯುವುದಿಲ್ಲ, ಹಾಗಾಗಿ ಅಚ್ಚುಗಳನ್ನು ಬದಲಾಯಿಸಿದೆವು. ಆಮೇಲೆ ಹಾಳೆಯ ತುಂಬ ಗುಳ್ಳೆ ಎದ್ದವು. ಪುಡಿಯಲ್ಲಿ ತೇವ ಇತ್ತೆಂದು ಓವನ್ನಿನಲ್ಲಿ ಒಣಗಿಸಿ ಹಾಕಿದೆವು. ಗುಳ್ಳೆ ಹೋಯಿತು, ಗಂಟು ಉಳಿಯಿತು. ಕಣ್ಣಿಗೆ ಕಾಣದ ಗಂಟುಗಳು. ಒಂದು ಕಡೆ ಪುಡಿ ಗಂಟು ಕಟ್ಟಿದರೆ ಇನ್ನೊಂದು ಕಡೆ ಬರೀ ರಬ್ಬರು ಉಳಿಯುತ್ತದೆ, ಬರೀ ರಬ್ಬರಿನಲ್ಲಿ ಎಕ್ಸ್‌ರೇ ಆರಾಮಾಗಿ ದಾಟಿ ಹೋಗುತ್ತದೆ. ಅದನ್ನು ನೋಡಬೇಕಾದರೆ ಎಕ್ಸ್‌ರೇ ತೆಗೆದೇ ನೋಡಬೇಕು. ಹಾಗಾಗಿ ಪ್ರತಿ ಸಲ ಹಾಳೆ ಸುತ್ತಿಕೊಂಡು ಮೊಳಕಾಲ್ಮುರಿಗೆ ನನ್ನ ಸವಾರಿ.

ರೋಗಿಗಳಿಲ್ಲದ ಹೊತ್ತಿನಲ್ಲಿ ಟೆಕ್ನಿಷಿಯನ್ ನನ್ನ ಹಾಳೆಯನ್ನು ಪ್ಲೇಟಿನ ಮೇಲೆ ಹಾಸಿ, ಪಕ್ಕದಲ್ಲಿ ದಪ್ಪ ಗೊತ್ತಿರುವ ಸೀಸದ ತಗಡಿನ ತುಂಡು ಇಟ್ಟು ಚಿತ್ರ ತೆಗೆಯುತ್ತಿದ್ದಳು. ಕಿರಣ ತಡೆದಲ್ಲಿ ಬಿಳಿ, ದಾಟಿದಲ್ಲಿ ಕಪ್ಪು. ನನ್ನ ಹಾಳೆಗಳು ಬಹಳ ಕಾಲ ಜೋಳದ ರೊಟ್ಟಿಯ ಹಾಗೆ ಚುಕ್ಕೆ ಚುಕ್ಕೆಯಾಗಿಯೇ ಬಂದವು. ಆಕೆ ಪರದೆಯನ್ನು ನನ್ನ ಕಡೆ ತಿರುಗಿಸುತ್ತಿದ್ದಳು. ಆಮೇಲೆ ಚಹಾ ತರಿಸುತ್ತಿದ್ದಳು. ಆ ಚಹಾ ಇಲ್ಲದಿದ್ದರೆ ನಾನು ಎಂದೋ ಕೈಬಿಡುತ್ತಿದ್ದೆ.

ಕೊನೆಗೆ ಒಂದು ಹಾಳೆ ಅಂಚಿನಿಂದ ಅಂಚಿಗೆ ಒಂದೇ ಬಿಳಿ ಬಂತು. ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿದೆವು, ಅಲ್ಲಿಯೂ ಪಾಸಾಯಿತು. ಮೇಲೆ ರೆಕ್ಸಿನ್ ಕವರ್ ಹಾಕಿ ಹೊಲಿಸಿ ಮೊದಲ ಏಪ್ರನ್ ಕೊಂಡೊಯ್ದೆ. ಟೆಕ್ನಿಷಿಯನ್ ಹಾಕಿಕೊಂಡು ಬಗ್ಗಿದಳು, ಎದ್ದಳು, ಮೆಟ್ಟಿಲು ಹತ್ತಿ ಇಳಿದಳು. ಮಡಚಬೇಡ, ನೇತುಹಾಕು ಎಂದು ಆಕೆಗೆ ಹೇಳಿ ಬಂದೆ. ಆಕೆ ಮಡಚಲೂ ಇಲ್ಲ. ಸುದ್ದಿ ಹಬ್ಬಿ ಇನ್ನೂ ನಾಲ್ಕಾರು ನರ್ಸಿಂಗ್ ಹೋಮಿನವರು ತಮಗೂ ಬೇಕೆಂದರು. ನಾನು ಕೈಯಲ್ಲಿ ಮುದ್ದೆ ಮುರಿದು ತಿನ್ನಲು ಶುರುಮಾಡಿದೆ.

ಕೆಲವು ತಿಂಗಳಾದ ಮೇಲೆ ಆಕೆಯ ಫೋನು ಬಂತು. ಆಗಾಗ ಏಪ್ರನ್ನಿನದೇ ಒಂದು ಎಕ್ಸ್‌ರೇ ತೆಗೆದು ನೋಡುತ್ತಿರು ಎಂದು ನಾನೇ ಹೇಳಿದ್ದೆ.

"ಮೇಡಂ, ಇದ್ರಾಗೆ ಗೆರೆ ಬಂದಾವೆ. ನೀವೇ ಬಂದು ನೋಡ್ರಿ."

ಹೋಗಿ ನೋಡಿದೆ. ಬಿಳಿಯ ಮೇಲೆ ಕಪ್ಪು ಗೆರೆಗಳು. ಉದ್ದಕ್ಕೊಂದಿಷ್ಟು, ಅಡ್ಡಕ್ಕೊಂದಿಷ್ಟು, ಚೌಕುಳಿ ಟವೆಲ್ಲಿನ ಹಾಗೆ. ಹೊರಗಿನ ರೆಕ್ಸಿನ್ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ಒಳಗಿನ ರಬ್ಬರು ಗೆರೆಗೆರೆಯಾಗಿ ಸೀಳಿದೆ, ಎಂದಿನಿಂದಲೋ ಯಾರಿಗೂ ತಿಳಿದಿಲ್ಲ. ಎಷ್ಟು ದಿನದಿಂದ ಒಡೆದದ್ದನ್ನೇ ಹಾಕಿಕೊಂಡು ನಿಂತಿದ್ದೆ ಎಂದು ಆಕೆ ಕೇಳಿದಳು. ಗೊತ್ತಿಲ್ಲ ಅಂದೆ. ಮಾರನೆಯ ದಿನದಿಂದ ಆಕೆ ಮತ್ತೆ ಹಳೆಯ ಸೀಸದ ಏಪ್ರನ್ ಹಾಕಿಕೊಳ್ಳಬೇಕಾಯಿತು. ಈ ಸಲ ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ಹಾಕಿಕೊಳ್ಳುವುದಾದರೆ ಇರು, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇನೆ ಅಂದಿದ್ದರು. ಆಕೆ ನೋವಿನ ಮಾತ್ರೆ ನುಂಗಿ ನಿಲ್ಲುತ್ತಿದ್ದಳು.

ಮುಂದಿನ ವಾರಗಳನ್ನು ನಾನು ಸುಮ್ಮನೆ ಹಾಳು ಮಾಡಿದೆ. ಸರಿಯಾಗಿ ಬೆಂದಿಲ್ಲವೇನೋ ಎಂದು ಬೇಯಿಸುವ ಹೊತ್ತು ಹೆಚ್ಚಿಸಿದೆ, ಕಡಿಮೆ ಮಾಡಿದೆ. ಒರೆಸುವ ಸ್ಪಿರಿಟ್ಟು ತಿಂದಿತೇನೋ ಎಂದು ತುಂಡುಗಳನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿದೆ. ಬಿಸಿಲಿಗೆ ಇಟ್ಟೆ, ಓವನ್ನಿಗೆ ಇಟ್ಟೆ, ಕೋಲಿನ ಮೇಲೆ ಬಗ್ಗಿಸಿ ಬಗ್ಗಿಸಿ ಎತ್ತಿದೆ. ಒಂದೂ ಒಡೆಯಲಿಲ್ಲ. ಒಡೆಯಬೇಕಾದದ್ದು ಒಡೆಯದೆ ನನಗೇ ತಲೆ ಒಡೆಯುತ್ತಿತ್ತು. ಮಾಲೀಕರು ದಿನಾ ಬಂದು ಏನಾಯ್ತು ಎಂದು ಕೇಳುವರು. ನನಗೆ ಅವರ ಚಪ್ಪಲಿ ಸದ್ದು ಕೇಳಿದರೇ ಸಿಟ್ಟು ಬರುತ್ತಿತ್ತು.

ಮೊಳಕಾಲ್ಮುರಿಗೆ ಮತ್ತೆ ಹೋದೆ. ಈ ಸಲ ಏನೂ ಒಯ್ಯಲಿಲ್ಲ. ಒಡೆದ ಏಪ್ರನ್ ಅಲ್ಲೇ ಇತ್ತು. ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಬೆಳಗಿನಿಂದ ಕೂತು, ಅದನ್ನು ಯಾರು ಮುಟ್ಟುತ್ತಾರೆ, ಏನು ಮಾಡುತ್ತಾರೆ ಎಂದು ನೋಡೋಣ ಅಂದುಕೊಂಡೆ. ಮಧ್ಯಾಹ್ನ ಕೂತಲ್ಲೇ ತೂಕಡಿಸಿದ್ದೂ ಉಂಟು. ಸಂಜೆ ಕೆಲಸ ಮುಗಿಸಿ ಟೆಕ್ನಿಷಿಯನ್ ತನ್ನ ಸೀಸದ ಏಪ್ರನ್ನನ್ನು ನಮ್ಮದರ ಪಕ್ಕದ ಮೊಳೆಗೆ ಹಾಕಿ ಮನೆಗೆ ಹೋದಳು. ಆಮೇಲೆ ಅಲ್ಲಿನ ಆಯಾ ಬಂದರು. ಅರವತ್ತರ ಹತ್ತಿರದವರು, ಮಗ್ಗದ ಮನೆಯವರು. ಕೋಣೆ ಒರೆಸಿ ಕೈ ತೊಳೆದುಕೊಂಡು, ಸೆರಗಿನಲ್ಲಿ ಕೈ ಒರೆಸಿಕೊಂಡು, ಮೊಳೆಯಿಂದ ನಮ್ಮ ಏಪ್ರನ್ ಇಳಿಸಿದರು. ಟೇಬಲ್ಲಿನ ಮೇಲೆ ಹಾಸಿ, ಅಂಗೈಯಿಂದ ಸುಕ್ಕು ಸರಿಮಾಡಿ, ಅಂಚಿಗೆ ಅಂಚು ಕೂಡಿಸಿ ಮಡಚಿದರು. ಮಡಚಿದ ಮೇಲೆ ಅಂಗೈ ಅಂಚಿನಿಂದ ಒತ್ತಿ ಗೆರೆ ಕೂರಿಸಿದರು. ಬಿಳಿ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟರು. ಮೇಲೆ ಬೆಡ್‌ಶೀಟುಗಳ ಗಂಟು ಹೇರಿದರು.

ದಿನಾ ಹೀಗೇ ಮಾಡುತ್ತೀರಾ ಎಂದು ಕೇಳಿದೆ. ಅವರಿಗೆ ಖುಷಿಯಾಯಿತು. ಕೆಲಸ ಯಾರೋ ಗಮನಿಸಿದರಲ್ಲ ಎಂದು.

"ದಿನಾ ಹಿಂಗೇನಮ್ಮಾ. ಬಾಳ ಬೆಲೆದು, ಜೋಪಾನ ಅಂದಿದ್ರು ಡಾಕ್ಟರು. ಜರಿ ಸೀರೆನ ಒಂದೇ ಮಡಿಕೇಲಿ ಇಟ್ರೆ ಅಲ್ಲೇ ಕಡೀತೈತೆ, ಅದಕ್ಕೇ ಇದಕ್ಕೂ ದಿನಕ್ಕೊಂದು ಮಡಿಕೆ ಬದಲಾಯಿಸ್ತೀನಿ. ಇವತ್ತು ಉದ್ದಕ್ಕೆ, ನಾಳೆ ಅಡ್ಡಕ್ಕೆ. ಬೆಳಿಗ್ಗೆ ಎಲ್ರಿಗಿಂತ ಮುಂಚೆ ಬಂದು ಮತ್ತೆ ಮೊಳೆಗೆ ಹಾಕ್ತೀನಿ."

ನನಗೆ ನಗು ಬಂತು, ಅಳುವೂ ಬಂತು. ಮೊಳಕಾಲ್ಮುರಿನ ರೇಷ್ಮೆ ಸೀರೆಯನ್ನು ತಲೆಮಾರುಗಟ್ಟಲೆ ಉಳಿಸಿದ ಕೈಗಳು ನನ್ನ ರಬ್ಬರನ್ನು ಅಷ್ಟೇ ಪ್ರೀತಿಯಿಂದ, ಒಂದು ಜಾಗವನ್ನೂ ಬಿಡದೆ ಸೀಳಿದ್ದವು. ಒಂದೇ ಕಡೆ ಮಡಚಿದ್ದರೆ ಒಂದೇ ಗೆರೆ ಬರುತ್ತಿತ್ತು. ಹಳೆಯ ಸೀಸದ ಏಪ್ರನ್ ಭಾರಕ್ಕೆ ಯಾರೂ ಅದನ್ನು ಮಡಚುವ ಗೋಜಿಗೇ ಹೋಗಿರಲಿಲ್ಲ, ಅದು ವರ್ಷಗಟ್ಟಲೆ ಮೊಳೆಗೇ ನೇತಾಡಿಕೊಂಡು ಚೆನ್ನಾಗಿತ್ತು. ನಮ್ಮದು ಮಡಚಲು ಬರುವಷ್ಟು ಮೆತ್ತಗಿದ್ದದ್ದೇ ತಪ್ಪಾಯಿತು. ನಾವು ಕಾರ್ಖಾನೆಯಲ್ಲಿ ಕೋಲಿನ ಮೇಲೆ ದುಂಡಗೆ ಬಗ್ಗಿಸಿ ಪರೀಕ್ಷೆ ಮಾಡಿದ್ದೆವು. ಮಡಚಿ, ಒತ್ತಿ, ಮೇಲೆ ಗಂಟು ಹೇರಿ ಬೆಳಗಿನವರೆಗೆ ಇಡುವ ಪರೀಕ್ಷೆ ಯಾರ ತಲೆಗೂ ಹೊಳೆದಿರಲಿಲ್ಲ. ಪುಡಿ ಅಷ್ಟು ತುಂಬಿದ ರಬ್ಬರು ಅಂಥ ಮಡಿಕೆ ತಾಳುವುದಿಲ್ಲ.

ವಿಷಯ ತಿಳಿದ ಮಾಲೀಕರ ಮುಖ ಅರಳಿತು. ಮಾಲು ಸರಿ ಇದೆ, ತಪ್ಪು ಬಳಸಿದವರದು. ದೊಡ್ಡ ಹ್ಯಾಂಗರ್ ಕೊಡೋಣ, 'ಮಡಚಬಾರದು' ಎಂದು ಕೆಂಪು ಅಕ್ಷರದಲ್ಲಿ ಬರೆಸಿ ಅಂಟಿಸೋಣ, ಉಳಿದ ಆರ್ಡರುಗಳನ್ನು ಕಳಿಸಿಬಿಡೋಣ ಅಂದರು. ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಿತ್ತು. ಎಲ್ಲ ಕಡೆಯೂ ಏಪ್ರನ್ ನೇತುಹಾಕಿಯೇ ಇಡುತ್ತಾರೆ, ಅದೇ ನಿಯಮ. ನಾನು ದಣಿದಿದ್ದೆ. ಹ್ಯಾಂಗರು ಮಾಡಿಸಿಕೊಂಡು, ಹೊಸ ಏಪ್ರನ್ ಹಿಡಿದು ಮೊಳಕಾಲ್ಮುರಿಗೆ ಹೋದೆ.

ಡಾಕ್ಟರು ಅಷ್ಟರಲ್ಲಿ ಆಯಾಗೆ ಎಲ್ಲರೆದುರು ಬೈದಿದ್ದರು. ಇನ್ನು ಮೇಲೆ ಅದನ್ನು ಮುಟ್ಟಬೇಡ ಅಂದಿದ್ದರಂತೆ. ನಾನು ಹೋದಾಗ ಆಯಾ ನನ್ನನ್ನು ನೋಡಿ ಪೊರಕೆ ಹಿಡಿದು ಆ ಕಡೆ ಹೋಗಿಬಿಟ್ಟರು. ಟೆಕ್ನಿಷಿಯನ್ ಹ್ಯಾಂಗರನ್ನೂ ಕೆಂಪು ಅಕ್ಷರವನ್ನೂ ನೋಡಿದಳು. ಹೊಸ ಏಪ್ರನ್ ತೊಡಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಧಾನಕ್ಕೆ ಕುರ್ಚಿಯಲ್ಲಿ ಕೂತಳು.

"ಈಯಮ್ಮ ಮಡಚಲ್ಲ, ಸರಿ. ನಾಳೆ ಇನ್ಯಾರೋ ಬರ್ತಾರೆ, ಅವ್ರು ಮಡಚ್ತಾರೆ. ಮೇಲೆ ನೋಡಿದ್ರೆ ಹೊಸಾದೇ ಕಾಣ್ತೈತೆ. ಆ ಸೀಸದ್ದು ಭಾರ ಆದ್ರೂ ಅದನ್ನ ನಂಬ್ತೀನಿ ಮೇಡಂ, ನಿಮ್ದನ್ನ ಹೆಂಗೆ ನಂಬ್ಲಿ?"

ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಹೊಸ ಏಪ್ರನ್ ಸುತ್ತಿಕೊಂಡು ವಾಪಸ್ ಬಂದೆ. ಹ್ಯಾಂಗರನ್ನು ಹೊತ್ತು ತರಲು ಮನಸ್ಸಾಗದೆ ಅಲ್ಲೇ ಬಿಟ್ಟೆ. ಮರುದಿನ ಮಾಲೀಕರಿಗೆ ಹೇಳಿದೆ, ಈ ಮಾಲು ಯಾರಿಗೂ ಹೋಗಬಾರದು, ಮತ್ತೆ ಮೊದಲಿನಿಂದ ಮಾಡಬೇಕು. ಅವರಿಗೆ ನಾನು ತಮಾಷೆ ಮಾಡುತ್ತಿದ್ದೇನೆ ಅನ್ನಿಸಿರಬೇಕು.

"ಕೊಡೆನ ಉಲ್ಟಾ ತಿರುವಿ ಮುರ್ಕಂಡ್ರೆ ಕೊಡೆ ಮಾಡಿದೋನ್ ತಪ್ಪೇನ್ರಿ ಮೇಡಂ?"

"ಕೊಡೆ ಮುರಿದ್ರೆ ನೆನೀತೀವಿ ಸಾರ್, ಗೊತ್ತಾಗ್ತೈತೆ. ಇದು ಒಡೆದ್ರೆ ಆಕೆಗೆ ಏನೂ ಗೊತ್ತಾಗಲ್ಲ."

ಅವರು ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಆದರೆ ಮಾಲು ಕಳಿಸಲಿಲ್ಲ. ಅವರ ಬಗ್ಗೆ ನನಗಿರುವ ಗೌರವಕ್ಕೆ ಅದೊಂದೇ ಸಾಕು.

ಮತ್ತೆ ಹಳದಿ ಪುಡಿ, ಮತ್ತೆ ಚಮಚ. ಈ ಸಲ ಪುಡಿ ಕಡಿಮೆ ಮಾಡಿದೆ. ಪುಡಿ ಕಡಿಮೆಯಾದರೆ ರಬ್ಬರು ಮಡಿಕೆ ತಾಳುತ್ತದೆ, ಆದರೆ ಅಷ್ಟೇ ಕಿರಣ ತಡೆಯಲು ಹಾಳೆ ದಪ್ಪವಾಗಬೇಕು. ದಪ್ಪವಾದರೆ ಮತ್ತೆ ಮಡಿಕೆಯಲ್ಲಿ ಸೀಳುತ್ತದೆ. ಅದಕ್ಕೆ ಒಂದು ದಪ್ಪ ಹಾಳೆಯ ಬದಲು ಎರಡು ತೆಳು ಹಾಳೆ ಮಾಡಿ, ಮೇಲಂಚಿನಲ್ಲಿ ಮಾತ್ರ ಹೊಲಿದು, ಉಳಿದದ್ದನ್ನು ಬಿಡಿಯಾಗಿ ಬಿಟ್ಟೆ. ಮಡಚಿದಾಗ ಒಂದರ ಮೇಲೊಂದು ಜಾರಿಕೊಳ್ಳಲಿ ಎಂದು. ಭಾರ ಮಾತ್ರ ಏರಿತು. ಅಷ್ಟು ಕಷ್ಟಪಟ್ಟು ಇಳಿಸಿದ ಒಂದೆರಡು ಕಿಲೋದಲ್ಲಿ ಬಹುಪಾಲು ವಾಪಸ್ ಬಂದು ಕೂತಿತು. ತಕ್ಕಡಿಯ ಮುಂದೆ ನಿಂತು ನಾನು ಅತ್ತೇಬಿಟ್ಟೆ. ಮಿಲ್ಲಿನವನು ನೋಡಿದರೂ ನೋಡದವನಂತೆ ರೋಲು ಒರೆಸುತ್ತಿದ್ದ.

ಭಾರ ಇಳಿಸಲಾಗದಿದ್ದರೆ ಭಾರ ಕೂರುವ ಜಾಗವನ್ನಾದರೂ ಬದಲಾಯಿಸಬೇಕಿತ್ತು. ಹಳೆಯ ಏಪ್ರನ್ನಿನ ಭಾರವೆಲ್ಲ ಹೆಗಲಿನಿಂದ ಬೆನ್ನಿಗೆ ಇಳಿಯುತ್ತದೆ, ಆಕೆಯ ಡಿಸ್ಕನ್ನು ಒತ್ತುತ್ತಿದ್ದದ್ದು ಅದೇ. ಏಪ್ರನ್ನನ್ನು ಎರಡು ತುಂಡು ಮಾಡಿದೆವು. ಮೇಲಕ್ಕೊಂದು ಕೋಟು, ಕೆಳಗೊಂದು ಲಂಗ. ಲಂಗಕ್ಕೆ ಅಗಲವಾದ ಬೆಲ್ಟು, ಭಾರವೆಲ್ಲ ಬೆನ್ನಿಗೆ ಬೀಳದೆ ಸೊಂಟದ ಪಕ್ಕದ ಚಪ್ಪೆಯ ಮೂಳೆಯ ಮೇಲೆ ಕೂರುವ ಹಾಗೆ. ಅಂಥವು ಬೇರೆ ಕಡೆ ಮೊದಲೇ ಬಳಕೆಯಲ್ಲಿವೆ, ನಾನೇನೂ ಕಂಡುಹಿಡಿದದ್ದಲ್ಲ.

ಕವರ್ ಹಾಕುವ ಮೊದಲು ಬರೀ ಹಾಳೆಗಳನ್ನು ಒಯ್ದು ಆಯಾ ಮುಂದೆ ಇಟ್ಟೆ. ಸೀರೆ ಮಡಚುವ ಹಾಗೆ ದಿನಾ ಮಡಚಿಡಿ ಅಂದೆ. ಅವರು ಕೈ ಹಿಂದಕ್ಕೆಳೆದುಕೊಂಡರು. ನಾನು ಮುಟ್ಟಲ್ಲಮ್ಮ, ಒಂದು ಸಲ ಅನ್ನಿಸಿಕೊಂಡದ್ದು ಸಾಕು ಅಂದರು. ಆಮೇಲೆ ತೆಲುಗಿನಲ್ಲಿ ಏನೋ ತಮ್ಮಷ್ಟಕ್ಕೇ ಗೊಣಗಿಕೊಂಡರು. ನಾನು ಅವರ ಪಕ್ಕ ನೆಲದ ಮೇಲೇ ಕೂತೆ. ನೀವು ಮಡಚಿದ್ದು ತಪ್ಪಲ್ಲ, ಮಡಚಿದರೆ ಒಡೆಯುವಂಥದ್ದನ್ನು ಕೊಟ್ಟವಳು ನಾನು, ಈಗ ಒಡೆಯದಂಥದ್ದು ಆಗಿದೆಯೋ ಇಲ್ಲವೋ ನಿಮ್ಮ ಕೈಯಿಂದಲೇ ಗೊತ್ತಾಗಬೇಕು ಎಂದೆ. ಡಾಕ್ಟರೂ ಬಂದು, ಮಡಚಮ್ಮ, ನಾನು ಹೇಳ್ತಿದೀನಲ್ಲ ಅಂದರು. ಬೈದವರ ಬಾಯಿಂದಲೇ ಬಂದ ಮೇಲೆ ಆಯಾ ಕೈ ತೊಳೆಯಲು ಎದ್ದರು.

ಮೊದಲ ಹಾಳೆಗಳು ಉದ್ದ ಮಡಿಕೆ, ಅಡ್ಡ ಮಡಿಕೆ ಕೂಡುವ ಮೂಲೆಗಳಲ್ಲಿ ಚುಚ್ಚಿದ ಹಾಗೆ ಒಡೆದವು. ಪುಡಿಯನ್ನು ಇನ್ನೂ ಕಡಿಮೆ ಮಾಡಿ, ಇನ್ನೂ ನಿಧಾನಕ್ಕೆ ಬೆರೆಸಿ, ಎರಡನೇ ಸಲ ಒಯ್ದೆ. ಈರುಳ್ಳಿ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿದ್ದ ಕಾಲ ಅದು. ಪ್ರತಿ ವಾರ ಹೋಗುವುದು, ಚಿತ್ರ ತೆಗೆಸುವುದು, ಬರುವುದು. ಟೆಕ್ನಿಷಿಯನ್ ಆ ತಿಂಗಳುಗಳಲ್ಲಿ ಸೊರಗಿದ್ದಳು. ಆಕೆಯ ಜಾಗಕ್ಕೆ ಇಬ್ಬರು ಬಂದು ಡಾಕ್ಟರನ್ನು ಮಾತಾಡಿಸಿಕೊಂಡು ಹೋಗಿದ್ದರು. ಒಂದು ವಾರ ಚಿತ್ರ ಬಿಳಿ. ಮರುವಾರ ಬಿಳಿ. ಆಯಾ ಉದ್ದಕ್ಕೆ ಮಡಚಿದರು, ಅಡ್ಡಕ್ಕೆ ಮಡಚಿದರು, ಹಟಕ್ಕೆ ಬಿದ್ದವರಂತೆ ಮೂಲೆಯಿಂದ ಮೂಲೆಗೂ ಮಡಚಿದರು. ಮೇಲಿನ ಗಂಟಿನ ಜೊತೆ ಇನ್ನೊಂದು ಗಂಟು ಹೇರಿದರು. ಮಳೆಗಾಲ ಶುರುವಾದಾಗಲೂ ಬಿಳಿಯೇ ಇತ್ತು. ಪ್ರಯೋಗಾಲಯಕ್ಕೆ ಕಳಿಸುವಾಗ ಹೊಸ ಹಾಳೆಯನ್ನಲ್ಲ, ಆಯಾ ಮಡಚಿದ ಹಾಳೆಯನ್ನೇ ಕಳಿಸಿದೆ. ಪಾಸಾಯಿತು.

ಕೋಟು, ಲಂಗ ಹೊಲಿಸಿ ಕೊಟ್ಟ ದಿನ ಒಬ್ಬರ ತೊಡೆಮೂಳೆಯ ಆಪರೇಷನ್ ಇತ್ತು. ಟೆಕ್ನಿಷಿಯನ್ ಕೈಯಲ್ಲಿ ಹಿಡಿದು ತೂಗಿ ನೋಡಿದಳು. ಮುಖ ಸಪ್ಪಗಾಯಿತು. ಕೋಟು ತೊಟ್ಟು, ಬೆಲ್ಟು ಬಿಗಿದುಕೊಂಡು ಒಳಗೆ ಹೋದಳು. ಬಾಗಿಲ ಮೇಲಿನ ಕೆಂಪು ದೀಪ ಹತ್ತಿತು. ನಾನು ಅದೇ ಬೆಂಚಿನ ಮೇಲೆ ಕೂತೆ. ನಾನು ಹಿಂದೆ ಬಿಟ್ಟುಹೋಗಿದ್ದ ಹ್ಯಾಂಗರು ಗೋಡೆಯಲ್ಲಿತ್ತು, 'ಮಡಚಬಾರದು' ಅನ್ನುವ ಕೆಂಪು ಅಕ್ಷರದ ಮೇಲೆ ಆಯಾ ತಮ್ಮ ಊಟದ ಚೀಲ ನೇತುಹಾಕಿದ್ದರು. ಚಳ್ಳಕೆರೆಯ ಬಸ್ಸು ಒಂದು ಹೋಯಿತು, ಇನ್ನೊಂದೂ ಹೋಗಿರಬೇಕು. ನಾನು ಏಳಲಿಲ್ಲ.

ದೀಪ ಆರಿ ಬಾಗಿಲು ತೆರೆದಾಗ ಆಕೆ ಗೋಡೆ ಹಿಡಿಯದೆ ನಡೆದು ಬಂದಳು. ಬೆಲ್ಟು ಸಡಿಲಿಸಿ ಲಂಗ ತೆಗೆದು, ಕೋಟು ತೆಗೆದು, ಬೆನ್ನು ನೆಟ್ಟಗೆ ಮಾಡಿ ನಿಂತಳು. ಎರಡನ್ನೂ ಆಯಾ ಕೈಗೆ ಕೊಟ್ಟಳು. ಆಯಾ ಟೇಬಲ್ಲಿನ ಮೇಲೆ ಹಾಸಿ ಸುಕ್ಕು ಸರಿಮಾಡತೊಡಗಿದರು.

"ಭಾರ ಐತೆ ಮೇಡಂ, ಸುಳ್ಳು ಹೇಳಲ್ಲ," ಅಂದಳು. ನಾನು ತಲೆ ತಗ್ಗಿಸಿದೆ. ಆಕೆ ನನ್ನ ಪಕ್ಕ ಬೆಂಚಿನ ಮೇಲೆ ಕೂತಳು. "ನಾಳೆ ಎರಡು ಕೇಸ್ ಅವೆ. ಹಾಕ್ಕಂತೀನಿ."

ಆಯಾ ಅಂಚಿಗೆ ಅಂಚು ಕೂಡಿಸಿ ಮಡಚಿ, ಅಂಗೈ ಅಂಚಿನಿಂದ ಗಟ್ಟಿಯಾಗಿ ಒತ್ತಿದರು. ನಾವಿಬ್ಬರೂ ನೋಡುತ್ತ ಕೂತೆವು.